ದೋಣಿಯಿಲ್ಲದ ಹೊಳೆಯಾನ

ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ಪ್ರವಾಸಿ ಹಡಗು ಹತ್ತಿದವರಿಗೆ ಪೆಟ್ಟಿಗೆ ಕಟ್ಟಿ ಬಿಚ್ಚುವ ರಗಳೆಯಿಲ್ಲ. ರಾತ್ರಿ ಮಲಗಿದಾಗ ಒಂದೂರು, ಬೆಳಿಗ್ಗೆ ಕಿಟಕಿ ತೆರೆದರೆ ಇನ್ನೊಂದು. ಆಸ್ಟ್ರಿಯಾದ ಡ್ಯೂರ್ನ್‌ಸ್ಟೈನ್‌ನಲ್ಲಿ ಇಳಿದರೆ, 1192ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು ಸೆರೆಯಿಟ್ಟಿದ್ದ ಕೋಟೆಗೆ ನಡೆದೇ ಹೋಗಬಹುದು. ರೈಲು ಬರುವ ಮೊದಲು ಸರಕು ಸಾಗುತ್ತಿದ್ದುದು ನೀರಿನ ಮೇಲೆ. ಹಾಗಾಗಿ ಪೇಟೆ, ಚರ್ಚು, ಸುಂಕದ ಕಟ್ಟೆ ಎಲ್ಲವೂ ದಡಕ್ಕೇ ಅಂಟಿಕೊಂಡಿವೆ.

ಸಕಲೇಶಪುರದ ಹೇಮಾವತಿಯಲ್ಲಿ ಅಂಥ ಹಡಗು ತೇಲುವುದಿಲ್ಲ. ಬೇಸಿಗೆಯಲ್ಲಿ ಹೊಳೆಯ ಬಂಡೆಗಳು ಎದ್ದು ಕಾಣುತ್ತವೆ; ಆಷಾಢದಲ್ಲಿ ಅದೇ ಹೊಳೆಗೆ ಮೈಮೇಲೆ ಬರುತ್ತದೆ. ಆದರೆ ಒಂದು ನದಿಯ ಜಾಡು ಹಿಡಿದು ಊರೂರು ನೋಡುವುದಕ್ಕೆ ಹಡಗೇ ಬೇಕೆಂದೇನೂ ಇಲ್ಲ. ರೆಸಾರ್ಟ್, ಜಲಪಾತ, ಜೀಪು ಎಂದು ಬಂದು ಹೋಗುವವರಿಗೆ ಈ ಜಾಡು ಕಾಣುವುದೇ ಇಲ್ಲ.

ಸಕಲೇಶಪುರದಿಂದ ಮಂಗಳೂರಿನ ಹೆದ್ದಾರಿ ಹಿಡಿದು ಆರೇಳು ಕಿಲೋಮೀಟರ್ ಹೋದರೆ ದೋಣಿಗಾಲ್. ಹೆಸರಿನಲ್ಲಷ್ಟೇ ದೋಣಿ! ಅಲ್ಲಿಂದ ಮೆಟ್ಟಿಲು ಹತ್ತಿದರೆ ಟಿಪ್ಪು ಸುಲ್ತಾನ್ 1792ರಲ್ಲಿ ಮುಗಿಸಿದ ಮಂಜರಾಬಾದ್ ಕೋಟೆ. ಒಳಗೆ ನಿಂತವರಿಗೆ ಅದರ ಆಕಾರ ತಿಳಿಯದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಎಂಟು ಮೂಲೆಯ ನಕ್ಷತ್ರ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಫಿರಂಗಿಗಳ ಕಾಲದಲ್ಲಿ ನೆಟ್ಟಗಿನ ಎತ್ತರದ ಗೋಡೆ ಸುಲಭದ ಗುರಿ. ಗೋಡೆಯನ್ನು ತಗ್ಗಿಸಿ, ದಪ್ಪ ಮಾಡಿ, ಮೂಲೆಗಳನ್ನು ಹೊರಚಾಚಿದರೆ ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಗೋಡೆಯ ಬುಡವನ್ನೂ ಕಾಯಬಹುದು. ಶತ್ರುವಿಗೆ ಅಡಗಲು ಜಾಗವೇ ಸಿಗದು. ಫ್ರಾನ್ಸಿನಲ್ಲಿ ಈ ವಿದ್ಯೆಯನ್ನು ಪಳಗಿಸಿದವನು ವೋಬಾನ್ ಎಂಬ ಸೇನಾ ಎಂಜಿನಿಯರ್. ಅವನು ನಕ್ಷೆ ಹಾಕಿದ, ಎಂಟು ಮೂಲೆಯದೇ ಆದ ನಫ್-ಬ್ರಿಸಾಕ್ ಕೋಟೆಪಟ್ಟಣ ರೈನ್ ನದಿಯ ಹತ್ತಿರವಿದೆ. ಅದರ ಕೆಲಸ ಶುರುವಾದದ್ದು 1698ರಲ್ಲಿ. ರೈನ್ ವಿಹಾರಕ್ಕೆ ಹೋದವರು ಎದುರು ದಡದ ಬ್ರೈಸಾಕ್‌ನಲ್ಲಿ ಇಳಿದು ಅದನ್ನು ನೋಡಿ ಬರುತ್ತಾರೆ. ಅದರ ಮಲೆನಾಡಿನ ದಾಯಾದಿ ದೋಣಿಗಾಲಿನ ಗುಡ್ಡದ ಮೇಲೆ ಮಂಜು ಹೊದ್ದು ಕೂತಿದೆ. ಆ ಮಂಜಿನಿಂದಲೇ ಮಂಜರಾಬಾದ್ ಎಂಬ ಹೆಸರು ಬಂತೆಂದು ಜನ ಹೇಳುತ್ತಾರೆ.

ಟಿಪ್ಪುವಿನ ನಂತರ, ಬಲಂ ಎಂದು ಕರೆಯುತ್ತಿದ್ದ ಈ ಸೀಮೆಯ ಪಾಳೆಯಗಾರನ ಮೇಲೆ 1802ರಲ್ಲಿ ದಂಡೆತ್ತಿ ಬಂದವನು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನೂ ಅವನೇ.

ಪೇಟೆಗೆ ಮರಳಿದರೆ ಹೊಳೆಯ ದಡದಲ್ಲೇ ಸಕಲೇಶ್ವರ ಗುಡಿ, ಹೊಯ್ಸಳರ ಕಾಲದ್ದು. ಭಗ್ನವಾದ, ಅಂದರೆ 'ಶಕಲ'ವಾದ ಲಿಂಗದಿಂದ ಊರಿಗೆ ಹೆಸರು ಬಂತೆಂಬುದು ಪ್ರತೀತಿ. ಗುಡಿ ನೋಡಿ ಪಕ್ಕದಲ್ಲೊಂದು ಕಾಫಿ ಕುಡಿಯಬಹುದು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಡ್ಯಾನ್ಯೂಬ್ ಹಡಗಿನಲ್ಲಿ ಕೊಡುವ ಎಸ್ಪ್ರೆಸ್ಸೋದಲ್ಲಿ ಈ ಗುಡ್ಡಗಳ ರೊಬಸ್ಟಾ ಇದ್ದರೂ ಇದ್ದೀತು.

ಮುಂದೆ ಆಲೂರಿನ ಕಡೆ ಹೊಳೆ ಹಿನ್ನೀರಾಗಿ ಹರಡಿಕೊಳ್ಳುತ್ತದೆ. 1979ರಲ್ಲಿ ಗೊರೂರಿನ ಅಣೆಕಟ್ಟೆ ಮುಗಿದ ಮೇಲೆ ಎಷ್ಟೋ ಹಳ್ಳಿಗಳು ಮುಳುಗಡೆಯಾದವು. ಗೊರೂರಿಗಿಂತ ಸ್ವಲ್ಪ ಮೊದಲು ಸಿಗುವ ಶೆಟ್ಟಿಹಳ್ಳಿಯಲ್ಲಿ, ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ತೆರೆದುಕೊಳ್ಳುತ್ತದೆ. ನೋಡುವವರ ಲೆಕ್ಕಾಚಾರವನ್ನು ನೀರೇ ನಿರ್ಧರಿಸುವುದು ಯುರೋಪಿನಲ್ಲೂ ಇದೆ. 2018ರಲ್ಲಿ, 2022ರಲ್ಲಿ ರೈನ್ ಬತ್ತಿದಾಗ ಹಡಗಿನ ಪ್ರಯಾಣಿಕರು ಬಸ್ಸು ಹತ್ತಬೇಕಾಯಿತು. ನೆರೆ ಬಂದರೆ ಹಡಗು ಸೇತುವೆಯ ಕೆಳಗೆ ನುಸುಳದು. ಕೈಗೆ ಬಂದ ಪ್ರವಾಸಪಟ್ಟಿಯನ್ನು ಅಲ್ಲೂ ಪೂರ್ತಿ ನಂಬುವಂತಿಲ್ಲ.

ಶೆಟ್ಟಿಹಳ್ಳಿಯ ಗೋಡೆಗಳು ವರ್ಷವರ್ಷವೂ ನೆನೆದು ಒಣಗುತ್ತಿವೆ. ಹತ್ತಿ ಫೋಟೊ ತೆಗೆಸಿಕೊಳ್ಳುವವರು ದಯವಿಟ್ಟು ಕೆಳಗೇ ನಿಲ್ಲಲಿ. ಮಂಜರಾಬಾದಿಗಾದರೆ ಮಳೆ ಬಿಟ್ಟ ಮೇಲಿನ ದಿನಗಳೇ ಸರಿ. ಆಷಾಢದಲ್ಲಿ ಮೆಟ್ಟಿಲು ಜಾರುತ್ತದೆ, ಇಂಬಳ ಬಿಡುವುದಿಲ್ಲ.

ಜಾಡು ಗೊರೂರಿಗೆ ಬಂದು ನಿಲ್ಲುತ್ತದೆ. ದಡದಲ್ಲಿ ಯೋಗಾನರಸಿಂಹನ ಗುಡಿ. ಹೇಮಾವತಿಯನ್ನು ಕನ್ನಡದ ಮನೆಮನೆಗೆ ತಲುಪಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಈ ಊರಿನವರು. ಅವರಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮಾತ್ರ 'ಅಮೆರಿಕದಲ್ಲಿ ಗೊರೂರು' ಎಂಬ ಪ್ರವಾಸಕಥನಕ್ಕೆ.