ಪುಟ್ಟ ಹೂವೆಂಬ ಹೆಸರಿನ ಮೇಯರ್

ಕೊರಳಿನ ಹಾರ ಬಾಡುವ ಮುನ್ನವೇ ಅವಧಿ ತೀರಿಹೋಗುವ, ಗೌನು ತೊಟ್ಟು ಸಭೆ ನಡೆಸುವುದೇ ಬಹುಮಟ್ಟಿಗೆ ಕರ್ತವ್ಯವಾಗಿರುವ, ಕಡತದ ಮೇಲಿನ ತೂಕವುಳ್ಳ ರುಜು ಮಾತ್ರ ಕಮಿಷನರರದ್ದಾಗಿರುವ ಮೇಯರುಗಳನ್ನೇ ಬಹುಕಾಲದಿಂದ ಕಂಡಿರುವ ನಮಗೆ, 70 ಲಕ್ಷಕ್ಕೂ ಮಿಕ್ಕ ಜನರಿದ್ದ ನಗರವೊಂದನ್ನು ಒಬ್ಬನೇ ಮೇಯರು ಹನ್ನೆರಡು ವರ್ಷ ಆಳಿದನೆಂದರೆ ಅದು ಯಾವುದೋ ಪಾಳೆಯಗಾರನ ಕಥೆಯಂತೆ ತೋರಿದರೆ ಸೋಜಿಗವಿಲ್ಲ. ನ್ಯೂಯಾರ್ಕಿನಲ್ಲಿ ಮೇಯರನ್ನು ಜನರೇ ನೇರವಾಗಿ ನಾಲ್ಕು ವರ್ಷಕ್ಕೊಮ್ಮೆ ಆರಿಸುತ್ತಾರೆ. ಪೊಲೀಸು, ನೀರು, ರಸ್ತೆ, ಆಸ್ಪತ್ರೆಗಳ ಅಧಿಕಾರಿಗಳು ಅವನ ಮಾತಿಗೆ ನಡೆಯತಕ್ಕವರು. 1934ರ ಜನವರಿ 1ರಿಂದ 1945ರ ಡಿಸೆಂಬರ್ 31ರವರೆಗೆ ಆ ಪೀಠದಲ್ಲಿದ್ದವನು ಫಿಯೊರೆಲೊ ಲಗಾರ್ಡಿಯ. ಇಟಲಿಯ ಭಾಷೆಯಲ್ಲಿ ಆ ಹೆಸರಿನ ಅರ್ಥ ‘ಪುಟ್ಟ ಹೂವು’. ಆಸಾಮಿಯ ಎತ್ತರ ಐದಡಿ ಎರಡಂಗುಲ. ಹೂವಿನ ಮಾರ್ದವ ಮಾತ್ರ ಹೆಸರಿನಲ್ಲಿಯೇ ಉಳಿದಿತ್ತು.

ಇಂದು ಅತ್ತ ಹೋಗಿಬರುವ ನಮ್ಮ ಮಕ್ಕಳಿಗೆ ಲಗಾರ್ಡಿಯ ಎಂದರೆ ವಿಮಾನನಿಲ್ದಾಣ. ಅದರ ಹಿಂದೆಯೂ ಆತನ ಒಂದು ಹಠವುಂಟು. 1934ರ ನವೆಂಬರಿನಲ್ಲಿ ಆತ ಕುಳಿತಿದ್ದ ವಿಮಾನವು ವಾಡಿಕೆಯಂತೆ ನೆರೆಯ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕಿನಲ್ಲಿಳಿಯಲು, ತನ್ನ ಟಿಕೆಟ್ಟಿನ ಮೇಲೆ ನ್ಯೂಯಾರ್ಕ್ ಎಂದು ಬರೆದಿದೆಯೆಂದೂ ಇದು ನ್ಯೂಯಾರ್ಕ್ ಅಲ್ಲವೆಂದೂ ಹೇಳಿ ಆತ ಆಸನ ಬಿಟ್ಟು ಏಳಲೊಲ್ಲದೆ ಹೋದುದರಿಂದ, ಕಡೆಗೆ ಅವನನ್ನು ನ್ಯೂಯಾರ್ಕಿನೊಳಗೇ ಇದ್ದ ಬ್ರೂಕ್ಲಿನ್ನಿನ ನಿಲ್ದಾಣಕ್ಕೆ ಹಾರಿಸಿಕೊಂಡು ಹೋಗಬೇಕಾಯಿತು. ಐದು ವರ್ಷಗಳ ತರುವಾಯ, 1939ರಲ್ಲಿ, ಕ್ವೀನ್ಸಿನ ನೀರಂಚಿನಲ್ಲಿ ನಗರದ ಹೊಸ ನಿಲ್ದಾಣ ತೆರೆಯಿತು.

ಆಟ ಕಟ್ಟುವುದರಲ್ಲಿ ಈತನನ್ನು ಮೀರಿಸಿದ ಆಡಳಿತಗಾರರು ವಿರಳ. ಎಲ್ಲಿಯಾದರೂ ಬೆಂಕಿ ಬಿದ್ದಿತೆಂದು ಕೇಳಿದೊಡನೆ ಅಗ್ನಿಶಾಮಕರ ಹಿಂದೆಯೇ ಓಡುವನು. ಜೂಜಿನ ಯಂತ್ರಗಳನ್ನು ವಶಪಡಿಸಿಕೊಂಡರೆ ತಾನೇ ದೊಡ್ಡ ಸುತ್ತಿಗೆಯೆತ್ತಿ ಚಿತ್ರಗ್ರಾಹಕರ ಮುಂದೆ ಅವನ್ನು ಒಡೆಯುವನು. 1935ರ ಡಿಸೆಂಬರಿನ ಚಳಿಯ ಒಂದು ಮುಂಜಾವ, ಬ್ರಾಂಕ್ಸಿನ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಪೊಲೀಸರಿಂದ ತುತ್ತೂರಿ ಊದಿಸಿ, ನೆರೆದ ವರ್ತಕರ ಮುಂದೆ ಹಳೆಯ ಕಾಲದ ಅರಸರ ಡಂಗುರದಂತೆ ಓಲೆಯನ್ನು ಬಿಚ್ಚಿ ಓದಿದನು: ಪುಟ್ಟ ಆರ್ಟಿಚೋಕುಗಳ ಮಾರಾಟ ಇಂದಿನಿಂದ ನಿಷಿದ್ಧ. ಇಟಲಿಯ ಕುಟುಂಬಗಳಿಗೆ ಪ್ರಿಯವಾದ, ಬಿರಿಯದ ಮೊಗ್ಗಿನಂತಹ ಈ ತರಕಾರಿಯ ವ್ಯಾಪಾರವನ್ನೆಲ್ಲ ಒಂದು ದುಷ್ಟಕೂಟವು ಹಿಡಿತದಲ್ಲಿಟ್ಟುಕೊಂಡು ವರ್ತಕರನ್ನು ಸುಲಿಯುತ್ತಿದ್ದಿತು. ನಿಷೇಧವನ್ನು ಮೂರೇ ದಿನಗಳಲ್ಲಿ ಹಿಂತೆಗೆದುಕೊಂಡದ್ದಾಯಿತು. ಅಷ್ಟರಲ್ಲಿ ಕೂಟದ ಬೆನ್ನೆಲುಬು ಸಡಿಲಿತ್ತು.

ಇದೆಲ್ಲ ಬರಿಯ ಬಯಲಾಟವೆ? ಹಾಗೆಂದವರು ಆತನ ಕಾಲದಲ್ಲಿಯೇ ಇದ್ದರು. ನನಗೆ ತೋರುವುದೇನೆಂದರೆ, ಆತನ ವೇಷಗಳು ಎಷ್ಟೇ ಇದ್ದರೂ ಪ್ರತಿ ಪ್ರಸಂಗದ ಖಳನೂ ಒಬ್ಬನೇ, ಕೊಳೆಯಾದ ದುಡ್ಡು. ಆ ವೈರದ ಬೇರು ಬಾಲ್ಯದಲ್ಲಿದೆ. ಆತನ ತಂದೆ ಅಮೆರಿಕದ ಸೇನೆಯಲ್ಲಿ ವಾದ್ಯವೃಂದದ ನಾಯಕ. 1898ರ ಸ್ಪೇನ್ ಯುದ್ಧದ ಕಾಲದಲ್ಲಿ ಗುತ್ತಿಗೆದಾರರು ಒದಗಿಸಿದ ಹಳಸಿದ ಮಾಂಸವೇ ತಂದೆಯ ಆರೋಗ್ಯವನ್ನು ಕೆಡಿಸಿತೆಂದು ಮಗ ಕಡೆಯವರೆಗೂ ನಂಬಿದ್ದನು. ಬಾಲ್ಯದ ಗಾಯ ಇನ್ನೊಂದೂ ಇತ್ತು. ತಂದೆಯಿದ್ದ ಅರಿಜೋನದ ಸೇನಾಠಾಣ್ಯದ ಊರಿಗೆ ಒಮ್ಮೆ ಇಟಲಿಯವನೊಬ್ಬ ಕೈಯಿಂದ ತಿರುಗಿಸುವ ವಾದ್ಯವನ್ನೂ ಕೋತಿಯನ್ನೂ ತಂದಾಗ, ಜೊತೆಯ ಹುಡುಗರು ಸುತ್ತುಗಟ್ಟಿ, ನೀನೂ ಅವನ ಜಾತಿಯವನೇ ತಾನೆ, ನಿನ್ನ ಕೋತಿಯೆಲ್ಲಿ ಎಂದು ಹೀಯಾಳಿಸಿದ್ದರಂತೆ. ಮೇಯರಾದ ಮೇಲೆ ಈತ ನ್ಯೂಯಾರ್ಕಿನ ಬೀದಿಗಳಿಂದ ಅಂತಹ ವಾದ್ಯಗಾರರನ್ನೆಲ್ಲ ಕಿತ್ತೊಗೆದನು. ನಲವತ್ತು ವರ್ಷ ಮಾಸದ ಗಾಯಕ್ಕೆ ಬೆಲೆ ತೆತ್ತವರು ಏನೂ ಅರಿಯದ ಬಡವರು.

ಆಟದ ಪರದೆಯ ಹಿಂದೆ ನಡೆದ ಕೆಲಸವಾದರೋ ಗಟ್ಟಿಯಾದುದು. ಟ್ಯಾಮನಿ ಹಾಲ್ ಎಂಬ ಪಕ್ಷಕೂಟವು ತನ್ನವರಿಗೆ ಹಂಚುತ್ತಿದ್ದ ನೌಕರಿಗಳಲ್ಲಿ ಬಹುಪಾಲನ್ನು ಈತ ಪರೀಕ್ಷೆಯ ಮೂಲಕ ಅರ್ಹರಿಗೆ ದೊರಕಿಸಿದನು. 1935ರಲ್ಲಿ ಬಡವರ ಕೇರಿಯೊಂದರಲ್ಲಿ ನಗರದ ಮೊದಲ ಸಾರ್ವಜನಿಕ ವಸತಿಗೃಹಗಳನ್ನು ತೆರೆದನು. ಖಾಸಗಿ ಕಂಪನಿಗಳ ಕೈಯಲ್ಲಿದ್ದ ನೆಲದಡಿಯ ರೈಲುಮಾರ್ಗಗಳನ್ನು 1940ರಲ್ಲಿ ಕೊಂಡು ನಗರದ ಒಡೆತನಕ್ಕೆ ತಂದನು. ತಳ್ಳುಗಾಡಿಯವರನ್ನು ಸೂರಿನಡಿಯ ಮಾರುಕಟ್ಟೆಗಳಿಗೆ ಸೇರಿಸಿದುದೂ ಈತನೇ. ಬೀದಿಯ ಕಳೆಯನ್ನು ಬಲ್ಲವರು ಅದಕ್ಕಾಗಿ ಅವನನ್ನು ಇನ್ನೂ ಕ್ಷಮಿಸಿಲ್ಲ.

ಕ್ಷಮೆಗೆ ಎಟುಕದ ಸಂಗತಿಗಳೂ ಉಂಟು. ದಾರ್ಶನಿಕ ಬರ್ಟ್ರಂಡ್ ರಸೆಲ್ಲರನ್ನು 1940ರಲ್ಲಿ ನಗರದ ಕಾಲೇಜಿಗೆ ಪ್ರಾಧ್ಯಾಪಕರನ್ನಾಗಿ ಕರೆದಾಗ ಮತನಿಷ್ಠರು ಕೋಲಾಹಲವೆಬ್ಬಿಸಲು, ಆ ಹುದ್ದೆಯ ಹಣವನ್ನೇ ಆಯವ್ಯಯದಿಂದ ಹೊಡೆದುಹಾಕಿದವನು ಇದೇ ಧೀರ. ಯುದ್ಧಕಾಲದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದುದನ್ನೂ ಆತ ಸಮರ್ಥಿಸಿದನು. ಬಾಲ್ಯದ ಅವಮಾನವನ್ನು ಮರೆಯದವನಿಗೆ ಅನ್ಯರ ಅವಮಾನ ಕಾಣದೆ ಹೋದುದು ವಿಷಾದಕರ.

ಆದರೂ ಜನರ ನೆನಪಿನಲ್ಲಿ ನಿಂತುದು ಬೇರೊಂದು ಚಿತ್ರ. 1945ರ ಜುಲೈಯಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿ, ಭಾನುವಾರದ ಚಿತ್ರಕಥೆಗಳು ಮಕ್ಕಳಿಗಿಲ್ಲವಾದವು. ನಗರದ ಸ್ವಂತ ರೇಡಿಯೋ ಕೇಂದ್ರದಲ್ಲಿ ಪ್ರತಿ ಭಾನುವಾರ ಜನರೊಡನೆ ಮಾತನಾಡುತ್ತಿದ್ದ ಮೇಯರು, ಆ ದಿನ ಮೇಜಿನ ಮೇಲೆ ಡಿಕ್ ಟ್ರೇಸಿಯ ಪತ್ತೇದಾರಿ ಪುಟವನ್ನು ಹರಡಿಕೊಂಡು, ಮಕ್ಕಳಿರಾ ಹತ್ತಿರ ಬನ್ನಿರೆಂದು ಕರೆದು, ಕೀರಲು ಕಂಠವನ್ನು ಏರಿಸಿ ಇಳಿಸಿ, ಕೈಯಾಡಿಸುತ್ತ, ಪಾತ್ರ ಪಾತ್ರಕ್ಕೂ ಸ್ವರ ಬದಲಿಸುತ್ತ ಓದಿದನು. ಮುಗಿಸಿ ಕನ್ನಡಕವೆತ್ತಿ ತಾತ್ಪರ್ಯವನ್ನೂ ಒಪ್ಪಿಸಿದನು: ಕೊಳೆಯಾದ ಹಣ ಯಾರಿಗೂ ಒಳಿತು ಮಾಡದು. ಅರವತ್ತೆರಡರ ಮುದುಕ ಹನ್ನೆರಡು ವರ್ಷ ಸುತ್ತಿಗೆಯಿಂದಲೂ ತುತ್ತೂರಿಯಿಂದಲೂ ಹೇಳಿದುದನ್ನೇ ಈಗ ಮಕ್ಕಳಿಗೆ ಹೇಳುತ್ತಿದ್ದನು.

ಪದವಿ ಬಿಟ್ಟು ಎರಡು ವರ್ಷ ತುಂಬುವ ಮೊದಲೇ, 1947ರ ಸೆಪ್ಟೆಂಬರ್ 20ರ ಮುಂಜಾನೆ, ಮೇದೋಜೀರಕದ ಅರ್ಬುದದಿಂದ ಬ್ರಾಂಕ್ಸಿನ ರಿವರ್‌ಡೇಲಿನಲ್ಲಿದ್ದ ಮನೆಯಲ್ಲಿ ಆತ ತೀರಿಕೊಂಡನು. ನಗರದ ಅಗ್ನಿಶಾಮಕ ಠಾಣೆಗಳಲ್ಲಿ ಐದೈದರಂತೆ ನಾಲ್ಕು ಸಲ ಗಂಟೆ ಬಡಿಯಿತು. ತಮ್ಮವನೊಬ್ಬ ಮಡಿದಾಗ ಆ ದಳದವರು ಕಳುಹಿಸುವ ಸಂಕೇತವದು. ಆಸ್ತಿಯನ್ನು ಲೆಕ್ಕ ಹಾಕಿದಾಗ 8,000 ಡಾಲರಿನ ಯುದ್ಧದ ಬಾಂಡುಗಳು ಸಿಕ್ಕವು. ಮನೆ ಇನ್ನೂ ಅಡವಿನಲ್ಲಿತ್ತು.