ಮಿಟುಕುವ ದೀಪ: ತಪ್ಪು ಬಲ್ಬಿನದಲ್ಲ, ಗುಂಡಿಯದು

ತಾಳವಾಡಿ: ಹೊಸ ಎಲ್‌ಇಡಿ ಬಲ್ಬ್ ತಂದು ಹಾಕಿದ ಮೊದಲ ರಾತ್ರಿಯೇ ಅದು ಕಣ್ಣು ಮಿಟುಕಿಸಲು ಶುರು. ಗುಂಡಿ ತಿರುಗಿಸಿದರೆ ಗುಂಯ್ ಎನ್ನುವ ಸದ್ದು. ಆಫ್ ಮಾಡಿದರೂ ಒಳಗೆ ಮಿಣುಕುಹುಳದಷ್ಟು ಬೆಳಕು. ‘ಅಂಗಡಿಯವ್ನು ಡೂಪ್ಲಿಕೇಟ್ ಕೊಟ್ಟವ್ನೆ’ ಎಂದು ಬೈದುಕೊಂಡು ಇನ್ನೊಂದು ತಂದರೆ ಅದೂ ಹಾಗೆಯೇ.

ಪಾಪ, ಬಲ್ಬಿನದೇನೂ ತಪ್ಪಿಲ್ಲ. ಕೆಟ್ಟಿರುವುದು, ಇಲ್ಲವೇ ಹೊಂದದೇ ಇರುವುದು ಬೋರ್ಡಿನಲ್ಲಿರುವ ಡಿಮ್ಮರ್. ಮನೆಮಂದಿಯ ಬಾಯಲ್ಲಿ ಅದೂ ‘ರೆಗ್ಯುಲೇಟ್ರೇ’.

ಹಳೆಯ ಡಿಮ್ಮರ್ ತಯಾರಾಗಿದ್ದು 60, 100 ವ್ಯಾಟಿನ ತಂತಿ ಬಲ್ಬಿನ ಕಾಲಕ್ಕೆ. ಕರೆಂಟಿನ ಅಲೆ ಸೆಕೆಂಡಿಗೆ 50 ಸಲ ಬಂದುಹೋಗುತ್ತದೆ. ಅದರ ಪ್ರತಿ ಅರ್ಧ ಅಲೆಯಲ್ಲೂ ಒಂದಷ್ಟು ಭಾಗ ಕತ್ತರಿಸಿ, ಅಂದರೆ ಸೆಕೆಂಡಿಗೆ 100 ಸಲ ತಡೆದು ಬಿಡುವುದೇ ಡಿಮ್ಮರಿನ ಕೆಲಸ. ತಂತಿ ಕಾದಿರುವುದರಿಂದ ಈ ಕತ್ತರಿಯಾಟ ಕಣ್ಣಿಗೆ ಕಾಣುತ್ತಿರಲಿಲ್ಲ. 7 ಅಥವಾ 9 ವ್ಯಾಟಿನ ಎಲ್‌ಇಡಿಯ ಹೊರೆ ಆ ಡಿಮ್ಮರಿಗೆ ಸಾಲದು. ಬಲ್ಬಿನೊಳಗಿನ ಪುಟ್ಟ ಸರ್ಕ್ಯೂಟಿಗೂ ಕತ್ತರಿಸಿದ ಕರೆಂಟ್ ಒಗ್ಗದು. ಆಫ್ ಮಾಡಿದ ಮೇಲೂ ಮಿಣುಕುವುದು ದೆವ್ವದ ಕಾಟವಲ್ಲ, ಡಿಮ್ಮರಿನೊಳಗಿಂದ ಸೋರುವ ಅತಿ ಸಣ್ಣ ಕರೆಂಟ್.

2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಹಳ್ಳಿಹಳ್ಳಿ ಸೇರಿತು. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್, ಅದರಲ್ಲಿ ಮೊದಲ 100 ಯೂನಿಟ್ ಉಚಿತ. ಗಡಿಯಾಚೆಯ ಚಾಮರಾಜನಗರದ ನೆಂಟರಿಗೆ 2023ರಿಂದ ಗೃಹಜ್ಯೋತಿ ಇದೆ. ಈ ಕಡೆಯವರು ಯೂನಿಟ್ ಲೆಕ್ಕ ಹಾಕಿ ಬಲ್ಬ್ ಬದಲಿಸಿದರು, ಗೋಡೆಯ ಮೇಲಿನ ಗುಂಡಿಯ ನೆನಪು ಯಾರಿಗೂ ಬರಲಿಲ್ಲ.

ಬೆಟ್ಟದ ಊರುಗಳಲ್ಲಿ ಇದು ಬರೀ ಅಂದಚಂದದ ಮಾತಲ್ಲ. ಸುತ್ತ ಸತ್ಯಮಂಗಲ ಹುಲಿ ರಕ್ಷಿತಾರಣ್ಯ. ರಾತ್ರಿ ಎದ್ದು ಓಡಾಡುವ ಅಜ್ಜ ಅಜ್ಜಿಯರಿಗೆ ಮಂದ ಬೆಳಕು ಬೇಕು. ಕತ್ತಲಾದ ಮೇಲೆ ಸತ್ಯಮಂಗಲದಿಂದ ಕೆಲಸದವರನ್ನು ಕರೆಸೋಣವೆಂದರೆ 27 ತಿರುವಿನ ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ. ಹೀಗಾಗಿ ‘ಎರಡೇ ವೈರು ತಾನೆ, ನಾನೇ ಮಾಡ್ತೀನಿ ಬುಡವ್ವ’ ಎಂದು ಮನೆಯ ಹುಡುಗನೇ ಸ್ಕ್ರೂಡ್ರೈವರ್ ಹಿಡಿಯುತ್ತಾನೆ. ಭಯ ಇರುವುದು ಅಲ್ಲೇ.

ಬಲ್ಬಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಬೋರ್ಡಿಗೆ ಬರುವ ಫೇಸ್ ವೈರಿನಲ್ಲಿ ಆಗಲೂ ಕರೆಂಟ್ ಇರುತ್ತದೆ. ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆರಿಸಬೇಕು. ಮೇನ್ ಇಳಿಸಿ ನಿಶ್ಚಿಂತೆಯಿಂದ ಕೈಹಾಕಿದವರಿಗೆ ಬ್ಯಾಟರಿ ಕಡೆಯಿಂದ ಬಂದ ಕರೆಂಟೂ ಅಷ್ಟೇ ಜೋರಾಗಿ ಹೊಡೆಯುತ್ತದೆ, ಅದೂ 230 ವೋಲ್ಟೇ. ಇದನ್ನು ಮರೆಯುವವರೇ ಹೆಚ್ಚು. ಬಳಿಕ ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಇಟ್ಟು ಅದು ಸರಿಯಿದೆಯೇ ನೋಡಿ, ಆಮೇಲೆ ಬೋರ್ಡಿನ ಪ್ರತಿ ವೈರಿಗೂ ಮುಟ್ಟಿಸಿ ನೋಡಬೇಕು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎನ್ನುವ ಲೆಕ್ಕ ಹಳೆಯ ಮನೆಗಳಲ್ಲಿ ನಡೆಯದು. ಕೈಗೆ ಸಿಕ್ಕ ಬಣ್ಣದ ವೈರ್ ಎಳೆದಿರುತ್ತಾರೆ.

ತಿರುಪು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಯಾವುದು ಎಲ್ಲಿತ್ತು ಎಂಬ ಗೊಂದಲ ಇಲ್ಲ. ಡಿಮ್ಮರಿಗೆ ಸಾಮಾನ್ಯವಾಗಿ ಎರಡೇ ವೈರು: ಒಂದು ಬರುವ ಫೇಸ್, ಇನ್ನೊಂದು ಬಲ್ಬಿಗೆ ಹೋಗುವುದು. ನ್ಯೂಟ್ರಲ್ ಅದಕ್ಕೆ ಸೇರುವುದಿಲ್ಲ. ಎರಡೂ ವೈರಿನ ಎಳೆಗಳನ್ನು ಹೊಸೆದು, ಒಂದೆಳೆಯೂ ಹೊರಗುಳಿಯದಂತೆ ತಿರುಪು ಬಿಗಿಯಬೇಕು. ಸಡಿಲ ಬಿಟ್ಟರೆ ಬಿಸಿಯಾಗಿ ಬೋರ್ಡೇ ಕಪ್ಪಾಗುತ್ತದೆ. ಬಿಚ್ಚಿದಾಗ ವೈರಿನ ಹೊದಿಕೆ ಪುಡಿಯಾದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ಲೈಸೆನ್ಸ್ ಇರುವ ವೈರ್‌ಮನ್ ನೋಡಬೇಕಾದ ಕೆಲಸ.

ಬದಲಿಗೆ ಏನು ಹಾಕಬೇಕು? ಬೆಳಕು ಏರಿಳಿಸಲೇಬೇಕೆಂದರೆ ಎಲ್‌ಇಡಿಗೆಂದೇ ಮಾಡಿದ ಡಿಮ್ಮರ್, ಜೊತೆಗೆ ‘ಡಿಮ್ಮಬಲ್’ ಎಂದು ಬರೆದ ಬಲ್ಬ್ ಎರಡೂ ಬೇಕು, ಒಂದೇ ತಂದರೆ ದುಡ್ಡು ದಂಡ. ರಾತ್ರಿ ಮಂದ ದೀಪ ಸಾಕೆನ್ನುವವರಿಗೆ ಇದಕ್ಕಿಂತ ಅಗ್ಗದ ದಾರಿಯಿದೆ. ಡಿಮ್ಮರ್ ಕಿತ್ತು ಮಾಮೂಲಿ ಸ್ವಿಚ್ ಹಾಕಿಸಿ, ಪಕ್ಕದಲ್ಲಿ ಅರ್ಧ ವ್ಯಾಟಿನ ಪುಟ್ಟ ರಾತ್ರಿ ಬಲ್ಬ್ ಇಟ್ಟರಾಯಿತು. ಹೆಚ್ಚಿನ ಮನೆಗಳಿಗೆ ಇದೇ ಸರಿ.

ಮೀಟರಿನಿಂದಾಚೆಯ ಮನೆಯೊಳಗಿನ ವೈರಿಂಗ್ ಮಾಲೀಕರ ಜವಾಬ್ದಾರಿ. ದೀಪ ಒಂದಲ್ಲ, ಇಡೀ ಮನೆಯದೇ ಏರಿಳಿದರೆ ದೋಷ ಹೊರಗಿನ ಲೈನಿನಲ್ಲಿರಬಹುದು. ಆಗ ಮಿನ್‌ವಾರಿಯಂನವರಿಗೇ ತಿಳಿಸಬೇಕು. 2021ರಲ್ಲಿ ಶುರುವಾದ ‘ಮಿನ್ನಗಂ’ ದೂರು ಕೇಂದ್ರ ಹಗಲೂ ರಾತ್ರಿ ಕರೆ ತೆಗೆದುಕೊಳ್ಳುತ್ತದೆ. ತಮಿಳು ಬಾರದ ಹಿರಿಯರು ಬಿಲ್ಲಿನಲ್ಲಿರುವ ಸರ್ವೀಸ್ ನಂಬರನ್ನು ಮೀಟರ್ ಪಕ್ಕದ ಗೋಡೆಯ ಮೇಲೆ ಬರೆಸಿಟ್ಟುಕೊಂಡರೆ ದೂರು ಹೇಳುವುದು ಸಲೀಸು.

ಅಂದಹಾಗೆ, ಕಿತ್ತ ಡಿಮ್ಮರನ್ನು ‘ಚೆನ್ನಾಗೇ ಐತೆ’ ಎಂದು ಫ್ಯಾನಿಗೆ ಹಾಕುವವರಿದ್ದಾರೆ. ಅದು ಬೇಡ. ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಫ್ಯಾನಿಗೆ ಫ್ಯಾನಿನದೇ ರೆಗ್ಯುಲೇಟರ್ ಬೇಕು.