ಮೃದು ಗಣನೆ: ಭಾಷಾವಿಜ್ಞಾನಿಗಳಿಗೊಂದು ಪ್ರವೇಶಿಕೆ

ಗಣಕವಿಜ್ಞಾನದಲ್ಲಿ ಸಾಫ್ಟ್ ಕಂಪ್ಯೂಟಿಂಗ್ ಎನಿಸಿಕೊಂಡಿರುವ ವಿಧಾನಸಮೂಹವನ್ನು ಪ್ರಸ್ತುತ ಲೇಖನದಲ್ಲಿ ನಾವು ‘ಮೃದು ಗಣನೆ’ ಎಂದು ಕರೆದಿದ್ದೇವೆ. ಅಸ್ಪಷ್ಟತೆ, ಅನಿಶ್ಚಿತತೆ ಮತ್ತು ಅಪೂರ್ಣ ಮಾಹಿತಿಗಳನ್ನು ಸಹಿಸಿಕೊಂಡೇ ಉಪಯುಕ್ತ ಪರಿಹಾರವನ್ನು ಅರಸುವುದು ಇದರ ಲಕ್ಷಣ. 1990ರ ದಶಕದ ಆರಂಭದಲ್ಲಿ ಈ ಹೆಸರನ್ನು ಪ್ರಚುರಪಡಿಸಿದವರು ಲಾಟ್ಫಿ ಜಾದೆ. ಫಜಿ ತರ್ಕ, ನರಜಾಲ, ಜೆನೆಟಿಕ್ ಅಲ್ಗಾರಿದಂ ಹಾಗೂ ಸಂಭವನೀಯತೆಯನ್ನಾಧರಿಸಿದ ಅನುಮಾನ ಇದರ ಮುಖ್ಯ ತಂತ್ರಗಳು.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೂ ಸೇರಿದಂತೆ ಹಲವೆಡೆ ಸಿದ್ಧಗೊಂಡಿರುವ ಕನ್ನಡ ಪಠ್ಯಕೋಶಗಳನ್ನು ಬಳಸುವವರಿಗೆ ಈ ನಾಲ್ಕರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಭೇದ ಅತಿ ಮುಖ್ಯವೆಂದು ನಮ್ಮ ಅಭಿಪ್ರಾಯ. ‘ಊರಲ್ಲಿ’ ಎಂಬ ರೂಪವನ್ನು ಗಮನಿಸೋಣ. ‘ನಮ್ಮ ಊರಲ್ಲಿ ಮಳೆ’ ಎಂಬಲ್ಲಿ ಅದು ಸಪ್ತಮೀ ವಿಭಕ್ತಿ. ‘ನಮ್ಮ ಊರಲ್ಲಿ, ಕೆಲಸವಿಲ್ಲಿ’ ಎಂಬಲ್ಲಿ ‘ಊರು’ ಮತ್ತು ‘ಅಲ್ಲಿ’ ಎಂಬೆರಡು ಪದಗಳ ಲೋಪಸಂಧಿ. ಒಂದು ನಿರ್ದಿಷ್ಟ ಪ್ರಯೋಗದಲ್ಲಿ ಇವೆರಡರಲ್ಲಿ ಒಂದೇ ಸರಿ. ಸಂದೇಹವಿರುವುದು ವಿಶ್ಲೇಷಕನಲ್ಲಿ, ಸಂದರ್ಭ ತಿಳಿದಂತೆ ಅದು ಕರಗುತ್ತದೆ. ಇದನ್ನು ಅಳೆಯಲು ಸಂಭವನೀಯತೆಯೇ ತಕ್ಕ ಸಾಧನ.

‘ಮನೆಯ ಬಳಿ’ ಎಂಬಲ್ಲಿನ ‘ಬಳಿ’ಯ ಸ್ಥಿತಿ ಬೇರೆ. ‘ಬಳಿಗೆ’, ‘ಬಳಿಯಿಂದ’ ಎಂದು ನಾಮಪದದಂತೆ ವಿಭಕ್ತಿ ಪ್ರತ್ಯಯಗಳನ್ನು ಪಡೆಯುವ ಅದು, ‘ಮರ’ದಂತೆ ಬಹುವಚನವನ್ನು ಪಡೆಯದು. ‘ಓಸ್ಕರ’ವಾದರೋ ವಿಭಕ್ತಿಯನ್ನೂ ಪಡೆಯದು. ಎಷ್ಟೇ ಸಂದರ್ಭ ಒದಗಿಸಿದರೂ ‘ಬಳಿ’ ಪೂರ್ಣ ನಾಮಪದವಾಗುವುದಿಲ್ಲ. ಜಾದೆ 1965ರಲ್ಲಿ ಮಂಡಿಸಿದ ಫಜಿ ಗಣದ ಕಲ್ಪನೆ ಇಂತಹ ಸನ್ನಿವೇಶಕ್ಕೆ ಒಪ್ಪುತ್ತದೆ: ನಾಮಪದವೆಂಬ ಗಣದಲ್ಲಿ ‘ಮರ’ದ ಸದಸ್ಯತ್ವ 1, ‘ಓಸ್ಕರ’ದ್ದು 0, ‘ಬಳಿ’ಯದ್ದು, ಉದಾಹರಣೆಗೆ ಹೇಳುವುದಾದರೆ, 0.6. ‘ಬಳಿ’ಗೆ ಅನುಸರ್ಗದ ಗಣದಲ್ಲಿ 0.8 ಕೊಡಲೂ ಅಡ್ಡಿಯಿಲ್ಲ. ಸದಸ್ಯತ್ವಗಳ ಮೊತ್ತ 1 ಆಗಬೇಕೆಂಬ ನಿಯಮವಿಲ್ಲ. (ಜಾರ್ಜ್ ಲೇಕಾಫ್ 1970ರ ದಶಕದಲ್ಲಿಯೇ ಈ ತರ್ಕವನ್ನು ಅರ್ಥವಿಚಾರಕ್ಕೆ ಅನ್ವಯಿಸಿದ್ದರೂ ವ್ಯಾಕರಣ ವರ್ಗಗಳ ಚರ್ಚೆಯಲ್ಲಿ ಅದಕ್ಕೆ ಸಿಕ್ಕ ಮನ್ನಣೆ ಕಡಿಮೆಯೇ.)

ಜೆನೆಟಿಕ್ ಅಲ್ಗಾರಿದಂ ಜಾನ್ ಹಾಲೆಂಡ್ ಅವರ 1975ರ ಗ್ರಂಥದಿಂದ ಪ್ರಸಿದ್ಧವಾಯಿತು. ಪರಿಹಾರಗಳನ್ನು ಪರಸ್ಪರ ಬೆರೆಸಿ, ಅಲ್ಲಲ್ಲಿ ಮಾರ್ಪಡಿಸಿ, ಉತ್ತಮವಾದವನ್ನು ಉಳಿಸಿಕೊಳ್ಳುವ ಹುಡುಕಾಟ ಅದು. ನರಜಾಲವು ಉದಾಹರಣೆಗಳಿಂದ ತನ್ನ ಕೊಂಡಿಗಳ ತೂಕವನ್ನು ತಿದ್ದಿಕೊಳ್ಳುತ್ತ ಕಲಿಯುತ್ತದೆ. ಪದವರ್ಗಗಳನ್ನು ಗುರುತಿಸುವ ನರಜಾಲವು ಸಾಮಾನ್ಯವಾಗಿ ಪ್ರತಿ ವರ್ಗಕ್ಕೂ 0 ಮತ್ತು 1ರ ನಡುವಿನ ಅಂಕವೊಂದನ್ನು ನೀಡುತ್ತದೆ. ಅವುಗಳ ಮೊತ್ತ 1. ತೊಡಕಿರುವುದು ಇಲ್ಲಿಯೇ. ‘ಊರಲ್ಲಿ’ಗೂ ‘ಬಳಿ’ಗೂ 0.6, 0.4 ಎಂಬ ಒಂದೇ ಉತ್ತರ ಬರಬಹುದು. ಮೊದಲನೆಯದು ಯಂತ್ರದ ಅಜ್ಞಾನ, ಎರಡನೆಯದು ಭಾಷೆಯ ಸ್ವಭಾವ. ಅಂಕಿಗಳು ಮಾತ್ರ ಈ ಭೇದವನ್ನು ತೋರಿಸವು.

ಪದವೊಂದಕ್ಕೆ ಒಂದೇ ಗುರುತು ಎಂಬ ಪದ್ಧತಿಯ ಪಠ್ಯಕೋಶದಿಂದ ಕಲಿತ ಜಾಲಕ್ಕೆ ಈ ಭೇದ ದಕ್ಕುವ ಮಾರ್ಗವೂ ಇಲ್ಲ. ಆದ್ದರಿಂದ ಗುರುತು ಹಾಕುವ ಹಂತದಲ್ಲಿಯೇ ‘ಯಾವುದೆಂದು ತಿಳಿಯದು’ ಎಂಬುದನ್ನೂ ‘ಭಾಗಶಃ ಎರಡೂ ಹೌದು’ ಎಂಬುದನ್ನೂ ಪ್ರತ್ಯೇಕ ಅಂಕಣಗಳಲ್ಲಿ ದಾಖಲಿಸಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ‘ಮೇಲೆ’, ‘ಒಳಗೆ’, ‘ಬಳಿ’, ‘ತನಕ’ ಮೊದಲಾದ ಅನುಸರ್ಗಗಳಿಂದ ತೊಡಗುವುದು ಅನುಕೂಲ.